ಆಪ್ಷನ್ ಎಂಟ್ರಿಗೆ ಮುಂಚೆ ಒಂದು ಬಿಳಿ ಹಾಳೆ ತಗೊಳ್ಳಿ

ಸಿಇಟಿ, ನೀಟ್ ಪ್ರವೇಶ ಪರೀಕ್ಷೆಗಳ ರ‍್ಯಾಂಕ್ ಬಂದ ದಿನದಿಂದ ನಮ್ಮ ತೀರ್ಥಹಳ್ಳಿ ಕಡೆ ಮನೆಗಳಲ್ಲಿ ಒಂದೇ ಪ್ರಶ್ನೆ: ‘ಯಾವ ಯೂನಿವರ್ಸಿಟಿ ಒಳ್ಳೇದು?’ ಪ್ರಶ್ನೆಯೇ ಸ್ವಲ್ಪ ದಾರಿ ತಪ್ಪಿದ್ದು. ಸಿಇಟಿಯಲ್ಲಿ ಸಿಗುವ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳು ವಿಶ್ವೇಶ್ವರಯ್ಯ ತಾಂತ್ರಿಕ ವಿವಿಗೆ (ವಿಟಿಯು) ಸೇರಿದವು, ಮೆಡಿಕಲ್ ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿವಿಗೆ. ಶಿವಮೊಗ್ಗದ ಜೆಎನ್‌ಎನ್‌ಸಿಇಯಲ್ಲಿ ಓದಿದರೂ ಹಾಸನದ ಮಲೆನಾಡು ಕಾಲೇಜಿನಲ್ಲಿ ಓದಿದರೂ ಡಿಗ್ರಿ ವಿಟಿಯುದೇ. ಆರಿಸಬೇಕಾದ್ದು ಕಾಲೇಜು ಮತ್ತು ಬ್ರಾಂಚು. ಅವನ್ನು ಇಷ್ಟದ ಕ್ರಮದಲ್ಲಿ ಆನ್‌ಲೈನಿನಲ್ಲಿ ತುಂಬುವುದೇ ಆಪ್ಷನ್ ಎಂಟ್ರಿ.

ಮೊದಲು ಎರಡು ರ‍್ಯಾಂಕನ್ನೂ ಬೇರೆ ಬೇರೆ ಬರೆದುಕೊಳ್ಳಿ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅರ್ಧ. ಎಂಬಿಬಿಎಸ್‌ಗೆ ನೀಟ್ ಅಂಕವೇ ಎಲ್ಲ, ಒಟ್ಟು 720ಕ್ಕೆ. ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ಓದಿದವರಿಗೆ ಎರಡೂ ಬಾಗಿಲು ತೆರೆದಿರುತ್ತವೆ ನಿಜ. ಆದರೆ ಬಿಇ 4 ವರ್ಷ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ರಕ್ತ ನೋಡಿದರೆ ತಲೆ ತಿರುಗುವ ಹುಡುಗಿಯನ್ನು ಅಜ್ಜಿ ಆಸೆಗೆ ಡಾಕ್ಟರ್ ಮಾಡಬೇಡಿ.

ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲೇ ಓದಿದ್ದರೆ ಶೇ 15ರ ಗ್ರಾಮೀಣ ಮೀಸಲಾತಿ ಇದೆ. ಕನ್ನಡ ಮಾಧ್ಯಮಕ್ಕೆ ಶೇ 5. ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜು ಬೇಕು.

ಆಮೇಲೆ ಬಸ್ ಹತ್ತಿ. ವೆಬ್‌ಸೈಟಿನ ಫೋಟೋದಲ್ಲಿ ಎಲ್ಲ ಕಾಲೇಜೂ ಚಂದವೇ. ಆಫೀಸಿನಲ್ಲಿ ಕೇಳಬೇಡಿ, ಕ್ಯಾಂಟೀನಿನಲ್ಲಿ ಕೂತ ಮೂರನೇ ವರ್ಷದ ಹುಡುಗರನ್ನು ಕೇಳಿ: ಲ್ಯಾಬ್ ನಿಜವಾಗಿ ನಡೆಯುತ್ತಾ? ನಿಮ್ಮ ಬ್ರಾಂಚಿಗೆ ಯಾವ ಕಂಪನಿ ಬಂತು? ಮೆಡಿಕಲ್ ಆದರೆ ಕಟ್ಟಡಕ್ಕಿಂತ ಆಸ್ಪತ್ರೆ ನೋಡಿ. ಬೆಳಿಗ್ಗೆ ಹತ್ತಕ್ಕೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಹೊರರೋಗಿ ವಿಭಾಗದ ಮುಂದೆ ಹತ್ತು ನಿಮಿಷ ನಿಂತರೆ ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಸಿಮ್ಸ್‌ನ ವಿದ್ಯಾರ್ಥಿಗಳು ಎಲ್ಲಿ ಕಲಿಯುತ್ತಾರೆ ಅಂತ ಗೊತ್ತಾಗುತ್ತದೆ. ರೋಗಿಗಳೇ ಇಲ್ಲದ ಆಸ್ಪತ್ರೆಯಲ್ಲಿ ಏನು ಕಲಿಯೋದು?

ಈಗ ಹಾಳೆ ಮೇಲೆ ಪಟ್ಟಿ. ಹೆಚ್ಚಿನವರು ಎಡವುವುದು ಇಲ್ಲೇ. ನನ್ನ ಅಕ್ಕನ ಮಗ ‘ಸೇಫ್ ಆಗಿರಲಿ’ ಅಂತ ಹತ್ತಿರದ ಕಾಲೇಜನ್ನು ಮೊದಲಿಗೆ ಹಾಕಿದ. ಮನಸ್ಸಿದ್ದ ಕಾಲೇಜು ಆರನೆಯದು. ಮೊದಲನೆಯದೇ ಬಂತು. ಆಮೇಲೆ ಕಟಾಫ್, ಅಂದರೆ ಸೀಟು ಸಿಕ್ಕ ಕೊನೆಯ ರ‍್ಯಾಂಕ್, ನೋಡಿದರೆ ಆರನೆಯದೂ ಅವನ ರ‍್ಯಾಂಕಿಗೆ ಸಿಗುತ್ತಿತ್ತು! ಅಡಿಕೆ ಮಂಡಿಯಲ್ಲಿ ಸಾಲು ಹಿಡಿದು ನಿಂತ ಹಾಗಲ್ಲ ಇದು. ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿಂದ ನೋಡುತ್ತಾ ಬರುತ್ತದೆ, ಸಿಗುವಂಥ ಮೊದಲ ಸೀಟು ಕೊಟ್ಟು ನಿಲ್ಲುತ್ತದೆ. ಸಿಗೋದು ಕಷ್ಟ ಅನ್ನುವ ಕಾಲೇಜನ್ನು ಮೇಲೆ ಹಾಕಿದರೆ ಕೆಳಗಿನದಕ್ಕೆ ಏನೂ ನಷ್ಟವಿಲ್ಲ. ಹಾಗಾಗಿ ಆಸೆಯ ಕ್ರಮದಲ್ಲೇ ಬರೆಯಿರಿ. ಬಂದರೂ ಸೇರಲ್ಲ ಅನ್ನುವುದನ್ನು ಬರೆಯಲೇಬೇಡಿ.

ಪೆನ್ಸಿಲ್ಲಲ್ಲಿ ಬರೆಯಿರಿ, ರಾತ್ರಿ ಜಗಳ ಆದಮೇಲೆ ಅಳಿಸಬೇಕಾಗುತ್ತದೆ. ಸೈಬರ್ ಸೆಂಟರಿನವನಿಗೆ ಪಟ್ಟಿ ಒಪ್ಪಿಸಿ ಚಹಾ ಕುಡಿಯಲು ಹೋಗಬೇಡಿ. ಪಕ್ಕದಲ್ಲೇ ಕೂತು ಕಾಲೇಜ್ ಕೋಡ್, ಕೋರ್ಸ್ ಕೋಡ್ ಒಂದೊಂದಾಗಿ ಓದಿಸಿ. ನಿಜವಾದ ಹಂಚಿಕೆಗೆ ಮುಂಚೆ ಪ್ರಯೋಗಕ್ಕೆ ಮಾಡುವ ಅಣಕು ಹಂಚಿಕೆ ಬಂದಾಗ ಕ್ರಮ ಬದಲಿಸಲು ಅವಕಾಶ ಇರುತ್ತದೆ.

ಸೀಟು ಬಂದಮೇಲೆ ಚಾಯ್ಸ್ ಒತ್ತಬೇಕು. ಖುಷಿಯಿದ್ದರೆ ಒಂದು, ಅಂದರೆ ಅದಕ್ಕೇ ಸೇರುವುದು. ಈ ಸೀಟೂ ಇರಲಿ, ಇನ್ನೂ ಒಳ್ಳೆಯದು ಬರುತ್ತೇನೋ ಅಂದರೆ ಎರಡು. ಆದರೆ ಮುಂದಿನ ಸುತ್ತಿನಲ್ಲಿ ಮೇಲಿನದು ಬಂದರೆ ಹಳೇ ಸೀಟು ತಾನಾಗಿ ಹೋಗುತ್ತದೆ, ವಾಪಸ್ ಕೇಳುವ ಹಾಗಿಲ್ಲ. ಎರಡು ಒತ್ತುವ ಮುಂಚೆ ಹಾಳೆ ತೆಗೆದು, ಮೇಲಿರುವವುಗಳಲ್ಲಿ ಈಗ ಬೇಡ ಅನಿಸಿದ್ದಕ್ಕೆ ಗೆರೆ ಎಳೆಯಿರಿ.