ಅಮೆರಿಕದ ವೀಸಾ ಕಡತದಲ್ಲಿ ನಮ್ಮ ಮದುವೆ

ನನ್ನ ಗಂಡ ಅಮೆರಿಕದ ಒಹಾಯೊ ಕಡೆಯವರು. ಎಂಪ್ಲಾಯ್‌ಮೆಂಟ್ ವೀಸಾದ ಮೇಲೆ ಬೆಂಗಳೂರಿಗೆ ಬಂದು ಕೆಲಸ ಮಾಡುತ್ತಿದ್ದರು. ನಾನು ಸಾಗರ ತಾಲ್ಲೂಕಿನವಳು, ಓದು ಮುಗಿಸಿ ಬೆಂಗಳೂರು ಸೇರಿದ್ದೆ. ಮದುವೆಯಾಗಿ ಸ್ವಲ್ಪ ಕಾಲ ಇಲ್ಲೇ ಸಂಸಾರ ಮಾಡಿ, ಆಮೇಲೆ ಅವರ ಊರಿಗೆ ಹೋದೆವು. ಇದೇ ದಾರಿಯಲ್ಲಿರುವ ಪರಿಚಯದವರು ಈಗ ಫೋನ್ ಮಾಡಿ ಮೊದಲು ಕೇಳುವುದು, "ಏನೇನು ಡಾಕ್ಯುಮೆಂಟ್ ಬೇಕು?" ಅಂತ. ಆ ಪಟ್ಟಿ ಅಮೆರಿಕ ಸರ್ಕಾರದ ವೆಬ್‌ಸೈಟ್‌ನಲ್ಲೇ ಇದೆ, ನಾನು ಹೇಳುವುದು ಬೇಡ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಒಂದೊಂದು ಕಾಗದಕ್ಕೆ ಒಂದೊಂದು ಆಯಸ್ಸು. ಬೇಗ ಮಾಡಿಸಿಟ್ಟರೆ ಅವಧಿ ಮುಗಿದಿರುತ್ತದೆ, ತಡ ಮಾಡಿದರೆ ಅದನ್ನು ನೆಚ್ಚಿಕೊಂಡ ಮುಂದಿನ ಕಾಗದ ನಿಲ್ಲುತ್ತದೆ. ನಾವು ಒಂದು ದೊಡ್ಡ ಹಾಳೆಯಲ್ಲಿ ಇಸವಿ, ತಿಂಗಳು ಬರೆದು ಗೋಡೆಗೆ ಅಂಟಿಸಿದ್ದೆವು. ಏಜೆಂಟರಿಗೆ ದುಡ್ಡು ಕೊಡದೆ ಇಡೀ ಕೆಲಸ ಮುಗಿದದ್ದು ಆ ಹಾಳೆಯಿಂದ.

ಎಲ್ಲಕ್ಕಿಂತ ಮೊದಲಿನದು ಹೆಸರು. ಹುಡುಗ, ಮುಹೂರ್ತ, ಛತ್ರ ಎಲ್ಲ ಆಮೇಲೆ.

ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಶಿಯಲ್: ಒಂದು ಊರಿನದು, ಇನ್ನೊಂದು ಅಪ್ಪನದು. ಪದವಿ ಪ್ರಮಾಣಪತ್ರದಲ್ಲಿ ಅವೇ ಇನಿಶಿಯಲ್ ಹೆಸರಿನ ಮುಂದೆ. ಆಧಾರ್‌ನಲ್ಲಿ ಇನಿಶಿಯಲ್ಲೇ ಇಲ್ಲ. ಹಳೆಯ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ನಮ್ಮಲ್ಲಿ ಇದು ಯಾರಿಗೂ ತೊಂದರೆ ಕೊಡುವ ಸಂಗತಿಯಲ್ಲ. ಆದರೆ ಸರ್‌ನೇಮ್ ಖಾಲಿ ಇರುವ ಪಾಸ್‌ಪೋರ್ಟ್ ಮೇಲೆ ಅಮೆರಿಕದವರು ವೀಸಾ ಕೊಡುವಾಗ, ಇರುವ ಹೆಸರನ್ನೇ ಸರ್‌ನೇಮ್ ಮಾಡಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ಅದು ವೀಸಾಕ್ಕೇ ನಿಲ್ಲುವುದಿಲ್ಲ, ಮುಂದಿನ ಕಾರ್ಡು, ಲೈಸೆನ್ಸುಗಳಿಗೂ ಬೆನ್ನು ಹತ್ತುತ್ತದೆ. ಪರಿಚಯದ ಒಬ್ಬರನ್ನು ದವಾಖಾನೆಯಲ್ಲಿ ನರ್ಸು "ಎಫ್‌ಎನ್‌ಯು" ಎಂದೇ ಕೂಗಿ ಕರೆಯುತ್ತಿದ್ದಳಂತೆ.

ಹಾಗಾಗಿ ಮದುವೆಯ ಅರ್ಜಿಗೂ ಮುಂಚೆ ಪಾಸ್‌ಪೋರ್ಟ್ ರೀಇಶ್ಯೂಗೆ ಹಾಕಿ, ಇನಿಶಿಯಲ್‌ಗಳನ್ನು ಪೂರ್ತಿ ಬಿಡಿಸಿ ಬರೆಸಿ, ಸರ್‌ನೇಮ್ ಜಾಗ ತುಂಬಿಸಿದೆ. ಮದುವೆ ಪ್ರಮಾಣಪತ್ರದಲ್ಲಿ ಬರುವ ಹೆಸರು ಪಾಸ್‌ಪೋರ್ಟ್‌ನಲ್ಲಿರುವಂತೆಯೇ, ಒಂದಕ್ಷರ ಹೆಚ್ಚುಕಮ್ಮಿ ಇಲ್ಲದಂತೆ ಇರಬೇಕು. ಕ್ರಮ ತಿರುಗಾಮುರುಗಾ ಆದರೆ ಸರಿಪಡಿಸುವುದು ಮದುವೆಯಾಗುವುದಕ್ಕಿಂತ ಕಷ್ಟ. ಗಂಡನ ಸರ್‌ನೇಮ್ ಹಾಕಿಕೊಳ್ಳಲಿಲ್ಲ. ತತ್ವದ ಮಾತು ಬೇರೆ ಇರಬಹುದು, ನನ್ನ ಕಾರಣ ಸರಳ: ಇನ್ನೊಂದು ಹೆಸರು ಅಂದರೆ ಇನ್ನೊಂದು ಅಫಿಡವಿಟ್.

ಜನನ ಪ್ರಮಾಣಪತ್ರದ ಕಥೆ ಇನ್ನೊಂದು. ನನ್ನದರಲ್ಲಿ ಅಪ್ಪ, ಅಮ್ಮನ ಹೆಸರಿದೆ, ದಿನಾಂಕವಿದೆ, 'ಹೆಣ್ಣು' ಎಂದಿದೆ, ನನ್ನ ಹೆಸರಿಲ್ಲ. ಹುಟ್ಟಿದ ತಕ್ಷಣ ಬರೆಸಿದ್ದಾರೆ, ನಾಮಕರಣ ಆಮೇಲೆ ಆಗಿದೆ, ಹೆಸರು ಸೇರಿಸಲು ಮತ್ತೆ ಯಾರೂ ಹೋಗಿಲ್ಲ. ನನ್ನ ವಯಸ್ಸಿನ ಹಳ್ಳಿಯವರಲ್ಲಿ ಎಷ್ಟೋ ಜನರದ್ದು ಹೀಗೇ. ನಾನು ಆ ಪ್ರಮಾಣಪತ್ರವನ್ನೂ, ಜನ್ಮದಿನಾಂಕ ಮತ್ತು ಅಪ್ಪನ ಹೆಸರಿರುವ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೂ, ಅಪ್ಪ ಅಮ್ಮ ಬೇರೆ ಬೇರೆಯಾಗಿ ನೋಟರಿ ಮುಂದೆ ಮಾಡಿದ ಅಫಿಡವಿಟ್‌ಗಳನ್ನೂ ಒಟ್ಟಿಗೆ ಇಟ್ಟೆ. ನನ್ನ ಪ್ರಕರಣದಲ್ಲಿ ಅದು ನಡೆಯಿತು. ಕನ್ನಡದ ಕಾಗದಗಳ ಅನುವಾದಕ್ಕೆ ಸರ್ಕಾರಿ ಅನುವಾದಕರನ್ನು ಹುಡುಕಬೇಕಿಲ್ಲ. ಎರಡೂ ಭಾಷೆ ಬಲ್ಲ ಯಾರಾದರೂ ಅನುವಾದಿಸಿ, 'ನನಗೆ ಈ ಭಾಷೆಗಳು ಬರುತ್ತವೆ, ಇದು ಪೂರ್ಣ ಮತ್ತು ಸರಿಯಾದ ಅನುವಾದ' ಎಂದು ಬರೆದು ಸಹಿ ಹಾಕಿದರೆ ಸಾಕು. ನನ್ನ ಸಹೋದ್ಯೋಗಿಯೊಬ್ಬರು ಮಾಡಿಕೊಟ್ಟರು. ಲಗ್ನಪತ್ರಿಕೆಯೂ ಸೇರಿತ್ತು, ಪಾಪ.

ಮದುವೆಯ ಮಾತು ಬಂದಾಗ ದೊಡ್ಡಪ್ಪ ಹೇಳಿದ್ದು, "ದೇವಸ್ಥಾನದಾಗೆ ತಾಳಿ ಕಟ್ಟಿಸಿ, ಮಾರನೇ ದಿನ ರಿಜಿಸ್ಟರ್ ಮಾಡಿಸಿದ್ರಾತು." ಹಾಗಾಗುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಇಬ್ಬರೂ ಹಿಂದೂಗಳಾಗಿದ್ದರೆ ಮಾತ್ರ. ನಮಗಿದ್ದದ್ದು 1954ರ ವಿಶೇಷ ವಿವಾಹ ಕಾಯ್ದೆ. ಗಂಡು ಹೆಣ್ಣಿನಲ್ಲಿ ಒಬ್ಬರಾದರೂ ಮದುವೆಯಾಗುತ್ತೇವೆಂದು ವಿವಾಹ ಅಧಿಕಾರಿಗೆ ನೋಟಿಸ್ ಕೊಡುವ ಮುಂಚಿನ 30 ದಿನ ಆ ಜಿಲ್ಲೆಯಲ್ಲಿ ವಾಸವಿರಬೇಕು. ನೋಟಿಸ್ ಕೊಟ್ಟ ಮೇಲೆ ಆಕ್ಷೇಪಣೆಗೆ 30 ದಿನ. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಅದು ಬಿದ್ದುಹೋಗುತ್ತದೆ, ಹೊಸದಾಗಿ ಕೊಡಬೇಕು. ನಮ್ಮ ಮನೆಯಲ್ಲಿ ಆಷಾಢ ಕಳೆಯದೆ ಮದುವೆ ಇಲ್ಲ. ಆದ್ದರಿಂದ ಆಕ್ಷೇಪಣೆಯ 30 ದಿನ ಆಷಾಢದಲ್ಲೇ ಕಳೆದು, ಶ್ರಾವಣದ ಮುಹೂರ್ತ ಮೂರು ತಿಂಗಳೊಳಗೇ ಬೀಳುವ ಹಾಗೆ ಲೆಕ್ಕ ಹಾಕಿ ನೋಟಿಸ್ ಕೊಟ್ಟೆವು. ಪುರೋಹಿತರಿಗೆ ಈ ಲೆಕ್ಕ ಹಿಡಿಸಿತು. ಸರ್ಕಾರಕ್ಕೂ ಒಂದು ಪಂಚಾಂಗ ಇದೆ ಎಂದು ಅವರಿಗೆ ಗೊತ್ತಿರಲಿಲ್ಲವಂತೆ.

ನೋಟಿಸನ್ನು ಕಚೇರಿಯ ಗೋಡೆಗೆ ಅಂಟಿಸುತ್ತಾರೆ. ಕಾಯಂ ವಿಳಾಸ ಬೇರೆ ಜಿಲ್ಲೆಯದಾದರೆ ಅಲ್ಲಿನ ವಿವಾಹ ಅಧಿಕಾರಿಗೂ ಒಂದು ಪ್ರತಿ ಹೋಗುತ್ತದೆ. ಮನೆಯವರಿಗೆ ಹೇಳದೆ ಮದುವೆಯಾಗುವವರಿಗೆ ಇದೇ ದೊಡ್ಡ ಆತಂಕ, ಮತ್ತು ಆ ಆತಂಕ ನ್ಯಾಯವಾದದ್ದೇ. ನೋಟಿಸ್ ಪ್ರಕಟಿಸುವುದು ಜೋಡಿಯ ಇಷ್ಟಕ್ಕೆ ಬಿಟ್ಟದ್ದು ಎಂದು ಅಲಹಾಬಾದ್ ಹೈಕೋರ್ಟ್ 2021ರ ಜನವರಿಯಲ್ಲಿ ಹೇಳಿತು, ಆದರೆ ನಾವು ಹೋದ ಕಚೇರಿಯಲ್ಲಿ ಗೋಡೆಗೆ ಅಂಟಿಸುವುದು ತಪ್ಪಲಿಲ್ಲ. ನಮ್ಮದು ಮನೆಯವರೇ ಮುಂದೆ ನಿಂತು ಮಾಡಿದ ಮದುವೆ. ಅಮ್ಮ, "ಸರ್ಕಾರದೋರೇ ಊರಿಗೆಲ್ಲ ಹೇಳಿದ್ರಲ್ಲ, ಕರೆಯೋ ಕೆಲ್ಸ ಒಂದು ಉಳೀತು" ಎಂದು ನಕ್ಕರು.

ಗಂಡನ ಕಡೆಯಿಂದ ಬೇಕಾದದ್ದು, ಇವರಿಗೆ ಬೇರೆ ಮದುವೆಯಾಗಿಲ್ಲ ಎನ್ನುವ ಪತ್ರ. ಅಂಥ ಪತ್ರವನ್ನು ಅಮೆರಿಕ ಸರ್ಕಾರ ಯಾರಿಗೂ ಕೊಡುವುದಿಲ್ಲ. ದೂತಾವಾಸದ ಅಧಿಕಾರಿಯ ಮುಂದೆ ತಾವೇ ಪ್ರಮಾಣ ಮಾಡಿ ಸಹಿ ಹಾಕಿ, 50 ಡಾಲರ್ ಕೊಟ್ಟು ಮುದ್ರೆ ಹಾಕಿಸಿಕೊಳ್ಳಬಹುದು, ಅಷ್ಟೆ. ಬೆಂಗಳೂರಿನಲ್ಲಿ ಅಮೆರಿಕದ ದೂತಾವಾಸ ಉದ್ಘಾಟನೆಯಾದದ್ದು 2025ರ ಜನವರಿಯಲ್ಲಿ. ನಮ್ಮ ಕಾಲಕ್ಕೆ ಇವರು ರಾತ್ರಿ ರೈಲಿನಲ್ಲಿ ಚೆನ್ನೈಗೆ ಹೋಗಿ ಮಾಡಿಸಿಕೊಂಡು ಬಂದರು. ವಿವಾಹ ಅಧಿಕಾರಿಯ ಕಚೇರಿಯ ಗುಮಾಸ್ತರು ಅದನ್ನು ತಿರುಗಿಸಿ ನೋಡಿ, "ಇದು ಇವರೇ ಬರ್ಕೊಂಡಿದ್ದಲ್ವಾ ಮೇಡಂ? ಗೌರ್ಮೆಂಟ್ ಲೆಟರ್ ಎಲ್ಲಿ?" ಎಂದರು. ಅವರ ಪ್ರಶ್ನೆಯೂ ತಪ್ಪಲ್ಲ. ಅಂಥ ಪತ್ರ ತಾನು ಕೊಡುವುದಿಲ್ಲವೆಂದು ದೂತಾವಾಸವೇ ತನ್ನ ವೆಬ್‌ಸೈಟ್‌ನಲ್ಲಿ ಬರೆದಿದ್ದ ಪುಟವನ್ನು ಪ್ರಿಂಟ್ ಹಾಕಿಸಿ ಇಟ್ಟುಕೊಂಡಿದ್ದೆ. ಅದನ್ನು ಕೊಟ್ಟ ಮೇಲೆ ಮಾತು ಮುಗಿಯಿತು.

ಮೂವರು ಸಾಕ್ಷಿಗಳ ಮುಂದೆ ಸಹಿ ಮೊದಲು, ಧಾರೆ ಅದೇ ವಾರದ ಕೊನೆಗೆ. ಮುಂದೆ ಎಲ್ಲ ಫಾರ್ಮ್‌ಗಳಲ್ಲೂ ಮದುವೆಯ ದಿನಾಂಕ ಅಂತ ಬರೆದದ್ದು ಸರ್ಟಿಫಿಕೇಟ್‌ನಲ್ಲಿದ್ದ ದಿನವನ್ನೇ. ಮನೆಯಲ್ಲಿ ಮಾತ್ರ ವಾರ್ಷಿಕೋತ್ಸವ ಧಾರೆಯ ದಿನಕ್ಕೆ.

ಹೆಂಡತಿಯನ್ನು ಕರೆಸಿಕೊಳ್ಳಲು ಅಮೆರಿಕ ಸರ್ಕಾರಕ್ಕೆ ಕೊಡುವ ಐ-130 ಅರ್ಜಿ ಹಾಕುವುದು ಗಂಡ. ಹೆಂಡತಿಯ ವಿವರಗಳಿಗೆ ಐ-130ಎ. ನಾವು ಕಟ್ಟಿದ್ದು 535 ಡಾಲರ್. 2024ರ ಏಪ್ರಿಲ್‌ನಿಂದ ಆನ್‌ಲೈನ್ ಆದರೆ 625, ಕಾಗದದಲ್ಲಾದರೆ 675 ಆಯಿತು. ಅಮೆರಿಕದ ಪ್ರಜೆಯ ಗಂಡ ಹೆಂಡತಿಗೆ ವರ್ಷಕ್ಕಿಷ್ಟೇ ವೀಸಾ ಎನ್ನುವ ಮಿತಿ ಇಲ್ಲ, ಗ್ರೀನ್ ಕಾರ್ಡಿನವರ ಸಂಗಾತಿಗಳಿಗೆ ಇದೆ. ಹಾಗಿದ್ದರೂ ಕಡತ ಸರದಿಯಲ್ಲೇ ಬರಬೇಕು. ವರ್ಷದ ಮೇಲೇ ಹಿಡಿಯಿತು. ಸಂಬಂಧ ನಿಜವೆಂದು ತೋರಿಸಲು ಜನ ಸಾವಿರಾರು ಪುಟ ಚಾಟ್ ತುಂಬುತ್ತಾರೆ. ಓದುವ ಅಧಿಕಾರಿಯ ಮೇಲೆ ಕರುಣೆ ಇರಲಿ. ನಾವಿಟ್ಟದ್ದು ಇಬ್ಬರ ಹೆಸರಿನ ಬಾಡಿಗೆ ಕರಾರು, ನನ್ನ ವಿಮೆಗೆ ಅವರು ನಾಮಿನಿ, ಕಂಪನಿಯ ಆರೋಗ್ಯ ವಿಮೆಯಲ್ಲಿ ನಾನು, ಟಿಕೆಟ್‌ಗಳು, ಮತ್ತು ಯಾರು ಯಾರು ಎಂದು ಬರೆದ ಕೆಲವೇ ಫೋಟೋ. ಧಾರೆಯ ಫೋಟೋಗಿಂತ, ಅವರು ನಮ್ಮ ಮನೆಯ ಅಂಗಳದಲ್ಲಿ ಅಡಿಕೆ ಸುಲಿಯಲು ಹೆಣಗುತ್ತಿರುವ ಫೋಟೋ ಹೆಚ್ಚು ಕೆಲಸಕ್ಕೆ ಬಂತೆಂದು ನನ್ನ ನಂಬಿಕೆ.

ಇನ್ನು ಐ-864. ವಿದೇಶದಲ್ಲಿ ನೆಲೆಸಿದ ಅಮೆರಿಕದವರನ್ನು ಮದುವೆಯಾದವರೆಲ್ಲ ಸಿಕ್ಕಿಬೀಳುವುದು ಇಲ್ಲಿ. ಬರುವವರು ಸರ್ಕಾರಕ್ಕೆ ಹೊರೆಯಾಗುವುದಿಲ್ಲ, ಒಂದು ವೇಳೆ ಹೊರೆಯಾದರೆ ನಾನಿದ್ದೇನೆ ಎಂದು ಅರ್ಜಿ ಹಾಕಿದವರು ಬರೆದುಕೊಡುವ ಆರ್ಥಿಕ ಜಾಮೀನು ಅದು. ಅವರ ಮನೆಯ ಆದಾಯ ಅಲ್ಲಿನ ಬಡತನದ ಮಾನದಂಡದ ಶೇ. 125ರಷ್ಟಾದರೂ ಇರಬೇಕು. 2025ರ ಲೆಕ್ಕದಲ್ಲಿ ಇಬ್ಬರ ಕುಟುಂಬಕ್ಕೆ ಅದು ಸುಮಾರು 26,437 ಡಾಲರ್. ಇವರ ಸಂಬಳ ಅದಕ್ಕಿಂತ ಹೆಚ್ಚೇ ಇತ್ತು. ಆದರೆ ಅದು ಬೆಂಗಳೂರಿನ ಸಂಬಳ. ಇಲ್ಲಿ ಕೆಲಸ ಬಿಟ್ಟ ದಿನವೇ ನಿಲ್ಲುವಂಥದ್ದು. ಮುಂದುವರಿಯದ ಆದಾಯ ಲೆಕ್ಕಕ್ಕಿಲ್ಲ. ಜೊತೆಗೆ, ಜಾಮೀನು ಕೊಡುವವರು ಅಮೆರಿಕದಲ್ಲಿ ನೆಲೆಸಿರಬೇಕು, ಇಲ್ಲವೇ ನಾನು ಅಲ್ಲಿಗೆ ಕಾಲಿಡುವ ಹೊತ್ತಿಗಾದರೂ ಮರಳಿ ನೆಲೆಸುತ್ತಾರೆಂದು ತೋರಿಸಬೇಕು.

ತೆರಿಗೆಯದೂ ಹೀಗೇ. ಅಮೆರಿಕದ ಪ್ರಜೆ ಲೋಕದ ಯಾವ ಮೂಲೆಯಲ್ಲಿ ದುಡಿದರೂ, ಆದಾಯ ಮಿತಿ ದಾಟಿದರೆ ವರ್ಷವರ್ಷ ಅಲ್ಲಿಗೆ ರಿಟರ್ನ್ ಸಲ್ಲಿಸಬೇಕು. ವಿದೇಶದ ದುಡಿಮೆಗೆ ವಿನಾಯಿತಿ ಇರುವುದರಿಂದ ಕಟ್ಟುವುದು ಏನೂ ಇಲ್ಲದಿರಬಹುದು, ಆದರೆ ಸಲ್ಲಿಸದಿದ್ದವರ ಕಡತ ಅಲ್ಲೇ ನಿಲ್ಲುತ್ತದೆ. ಇವರು ತಪ್ಪದೆ ಸಲ್ಲಿಸಿದ್ದರು. ಆ ವಿನಾಯಿತಿ ಕಳೆದ ಮೇಲೆ ರಿಟರ್ನ್‌ನಲ್ಲಿ ಒಟ್ಟು ಆದಾಯದ ಸಾಲಿನಲ್ಲಿ ಉಳಿದದ್ದು ಮಾತ್ರ ಹೆಚ್ಚುಕಮ್ಮಿ ಸೊನ್ನೆ.

ಅಂದರೆ ಇನ್ನೊಬ್ಬ ಜಾಮೀನುದಾರರು ಬೇಕಾಯಿತು. ಇವರ ಅಪ್ಪನನ್ನು ಕೇಳಿದೆವು. ಮಾವನವರು ನಿವೃತ್ತಿ ಸಮೀಪಿಸಿದ ಶಾಲಾ ಮೇಷ್ಟ್ರು. ಮದುವೆಗೆ ಅತ್ತೆ ಬಂದಿದ್ದರು, ಮಾವನವರಿಗೆ ಬರಲಾಗಿರಲಿಲ್ಲ. ಸಹಿ ಹಾಕುವ ಮುಂಚೆ ಅದರ ಕರಾರನ್ನು ಪೂರ್ತಿ ಓದಿ ಹೇಳುವುದು ನನ್ನ ಕರ್ತವ್ಯ ಅನ್ನಿಸಿತು. ಈ ಜಾಮೀನು ಮುಗಿಯುವುದು ನಾನು ಅಲ್ಲಿನ ಪ್ರಜೆಯಾದರೆ, ಅಥವಾ 40 ತ್ರೈಮಾಸಿಕಗಳ ದುಡಿಮೆ ನನ್ನ ಖಾತೆಗೆ ಸೇರಿದರೆ, ಎಂದರೆ ಸುಮಾರು ಹತ್ತು ವರ್ಷಕ್ಕೆ. ಅಥವಾ ನಾನು ಗ್ರೀನ್ ಕಾರ್ಡ್ ಬಿಟ್ಟು ದೇಶವನ್ನೇ ತೊರೆದರೆ, ಇಲ್ಲವೇ ಜಾಮೀನು ಕೊಟ್ಟವರೋ ನಾನೋ ಸತ್ತರೆ. ವಿಚ್ಛೇದನವಾದರೆ ಮುಗಿಯುವುದಿಲ್ಲ. ಅವರ ಮಗ ನನ್ನನ್ನು ಬಿಟ್ಟರೂ ಮಾವನವರ ಹೊಣೆ ಹಾಗೇ ಇರುತ್ತದೆ. ವಿಡಿಯೋ ಕಾಲ್‌ನಲ್ಲಿ ಇದನ್ನೆಲ್ಲ ಹೇಳುವಾಗ ನನಗೆ ಬಾಯಿ ಒಣಗಿತ್ತು.

ಊರಲ್ಲಿ ಅಪ್ಪನಿಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಹಿಂದೆ ಸೊಸೈಟಿ ಸಾಲಕ್ಕೆ ಗೆಳೆಯರೊಬ್ಬರಿಗೆ ಜಾಮೀನು ಹಾಕಿ, ಕಡೆಗೆ ತಾವೇ ಕಂತು ಕಟ್ಟಿದವರು. "ನಮ್ಮ ಕಡೆ ಸ್ವಂತ ಅಣ್ಣ ತಮ್ಮಂದ್ರೇ ಹಾಕಲ್ಲ ಮಾರಾಯ್ತಿ. ಅವ್ರು ನಮ್ಮನೆ ಹೊಸಲೂ ತುಳಿದಿಲ್ಲ" ಎಂದರು. ಮಾವನವರು ಒಂದು ವಾರ ಸಮಯ ಕೇಳಿಕೊಂಡು, ತಮ್ಮ ತೆರಿಗೆ ಲೆಕ್ಕ ನೋಡುವವರ ಹತ್ತಿರ ವಿಚಾರಿಸಿ, ಸಹಿ ಹಾಕಿದರು. ಸುಮ್ಮನೆ ಪ್ರೀತಿಯಿಂದ ಹೂಂ ಅನ್ನದೆ ವಿಚಾರಿಸಿ ಹಾಕಿದ್ದು ನನಗೆ ಹೆಚ್ಚು ಸಮಾಧಾನ ಕೊಟ್ಟಿತು. ಅವರ ಮನೆಯ ಲೆಕ್ಕದಲ್ಲಿ ಅವರು, ಅತ್ತೆ, ನಾನು ಮೂವರಾದೆವು. ಮಿತಿಯೂ ಅದಕ್ಕೆ ತಕ್ಕಂತೆ ಮೇಲೇರಿತು. ಜಂಟಿ ಜಾಮೀನುದಾರರು ಇದ್ದರೂ ಗಂಡನ ಐ-864 ತಪ್ಪುವುದಿಲ್ಲ, ಎರಡೂ ಬೇಕು. ನೆಲೆಯ ಪುರಾವೆಗೆ ಇವರ ಅಲ್ಲಿನ ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್, ಮತದಾರರ ನೋಂದಣಿ, ಒಂದು ಉದ್ಯೋಗದ ಆಫರ್ ಪತ್ರ ಇಟ್ಟೆವು.

ಐ-130 ಮಂಜೂರಾದ ಮೇಲೆ ಕಡತ ಹೋಗುವ ನ್ಯಾಷನಲ್ ವೀಸಾ ಸೆಂಟರ್‌ಗೆ ವೀಸಾಕ್ಕೆಂದು 325, ಜಾಮೀನಿನ ಕಾಗದಕ್ಕೆಂದು 120 ಡಾಲರ್ ಕಟ್ಟಿ, ಡಿಎಸ್-260 ಎನ್ನುವ ವೀಸಾ ಅರ್ಜಿ ತುಂಬಿ, ಕಾಗದಗಳನ್ನು ಏರಿಸುವುದು ಬೇಸರದ ಕೆಲಸ, ಕಷ್ಟದ್ದಲ್ಲ. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಮೂಲಕವೇ ತೆಗೆಸಬೇಕು. ಅದಕ್ಕೆ ಎರಡು ವರ್ಷದ ಆಯಸ್ಸು. ಆದ್ದರಿಂದ ಐ-130 ಮಂಜೂರಾದ ಮೇಲಷ್ಟೇ ಹಾಕಿದೆ. ವೈದ್ಯಕೀಯ ತಪಾಸಣೆ ಕಟ್ಟಕಡೆಗೆ, ಸಂದರ್ಶನದ ದಿನ ಗೊತ್ತಾದ ಮೇಲೆ, ದೂತಾವಾಸದ ಪಟ್ಟಿಯಲ್ಲಿರುವ ವೈದ್ಯರ ಹತ್ತಿರವೇ. ವೀಸಾದ ಅವಧಿ ಸಾಮಾನ್ಯವಾಗಿ ಆರು ತಿಂಗಳು, ಅದೂ ತಪಾಸಣೆಯ ದಿನದಿಂದ ಎಣಿಕೆ. ಬೇಗ ಮಾಡಿಸಿದಷ್ಟೂ ಗಂಟುಮೂಟೆ ಕಟ್ಟುವ ಸಮಯ ಕಮ್ಮಿ. ಚಿಕ್ಕಂದಿನ ಚುಚ್ಚುಮದ್ದಿನ ಚೀಟಿ ಇಲ್ಲದ್ದಕ್ಕೆ ಹಲವನ್ನು ಮತ್ತೆ ಹಾಕಿಸಿಕೊಂಡೆ.

ಸಂದರ್ಶನ ಮುಂಬೈಯಲ್ಲಿ, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನ ದೂತಾವಾಸದಲ್ಲಿ. ಹೇಗೆ ಪರಿಚಯ, ಗಂಡ ಏನು ಮಾಡುತ್ತಾರೆ, ಜಾಮೀನು ಕೊಟ್ಟವರು ಯಾರು, ಇಷ್ಟೇ. ಜನನ ಪ್ರಮಾಣಪತ್ರವನ್ನು ಎತ್ತಿ ನೋಡಿ, ಅಫಿಡವಿಟ್ ಓದಿ, ಪಕ್ಕಕ್ಕಿಟ್ಟರು. ಫೋಟೋ ಕೇಳಲೇ ಇಲ್ಲ.

ಮದುವೆಯಾಗಿ ಎರಡು ವರ್ಷ ತುಂಬುವ ಮುಂಚೆ ಅಲ್ಲಿಗೆ ಕಾಲಿಟ್ಟರೆ ಸಿಗುವುದು ಸಿಆರ್-1, ಎರಡೇ ವರ್ಷದ ಗ್ರೀನ್ ಕಾರ್ಡ್. ತುಂಬಿದ ಮೇಲಾದರೆ ಐಆರ್-1, ಹತ್ತು ವರ್ಷದ್ದು. ಎರಡು ವರ್ಷಕ್ಕೆ ಕೆಲವೇ ವಾರ ಬಾಕಿ ಇದ್ದು, ವೀಸಾದ ಅವಧಿಯೂ ಉಳಿದಿದ್ದರೆ ಟಿಕೆಟ್ ಮುಂದೂಡುವುದು ಜಾಣತನ. ಒಂದು ಅರ್ಜಿಯ ಖರ್ಚೂ ಕಾಯುವಿಕೆಯೂ ಉಳಿಯುತ್ತದೆ. ನಮಗೆ ಇವರ ಹೊಸ ಕೆಲಸದ ದಿನ ನಿಗದಿಯಾಗಿತ್ತು, ಕಾಯಲಾಗಲಿಲ್ಲ. ಹಾಗಾಗಿ ಕಾರ್ಡಿನ ಅವಧಿ ಮುಗಿಯುವ ಹಿಂದಿನ 90 ದಿನಗಳೊಳಗೆ ಇಬ್ಬರೂ ಸೇರಿ, ಆ ಎರಡು ವರ್ಷದ ಷರತ್ತು ತೆಗೆಸುವ ಅರ್ಜಿ ಐ-751 ಹಾಕಬೇಕು. ಅದಕ್ಕಾಗಿ ಕರೆಂಟ್ ಬಿಲ್‌ನಿಂದ ಹಿಡಿದು ಜಂಟಿ ತೆರಿಗೆ ರಿಟರ್ನ್‌ವರೆಗೆ ಎಲ್ಲ ಒಂದು ಫೋಲ್ಡರ್‌ಗೆ ಹೋಗುತ್ತಿದೆ.

ಮದುವೆಗೆ ಎರಡು ವರ್ಷ ತುಂಬಿದ ಮೇಲೆ ಇವರಿಗೆ ಭಾರತದ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್‌ಗೂ ಅರ್ಹತೆ ಬರುತ್ತದೆ. ಮತದಾನ ಇಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ, ಉಳಿದಂತೆ ಪ್ರತಿ ಸಲ ವೀಸಾ ಕೇಳುವ ಕಾಟ ತಪ್ಪುತ್ತದೆ. ಅದರ ಅರ್ಜಿ ಈಗ ಅರ್ಧ ತುಂಬಿದೆ. ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ಊರು ಎಲ್ಲ ಅವರ ಪಾಸ್‌ಪೋರ್ಟ್, ಜನನ ಪತ್ರದಲ್ಲಿ ಒಂದೇ ಥರ ಇರುವುದನ್ನು ನೋಡಿ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.