ಸ್ಟ್ರಾಗೆ ಸ್ಪ್ಯಾನಿಷ್‌ನಲ್ಲಿ ಏನಂತಾರೆ? ಮೊದಲು ದೇಶ ಯಾವುದು ಹೇಳಿ

ಸ್ಪ್ಯಾನಿಷ್ ಕಲಿಯಲು ಬರುವವರು ಮೊಬೈಲ್‌ನಲ್ಲಿ 'ಸ್ಟ್ರಾ' ಅಂತ ಹೊಡೆದು, ಮೊದಲು ಸಿಕ್ಕ ಪದವನ್ನೇ ಬರೆದುಕೊಂಡು ಬರುತ್ತಾರೆ. ಎಷ್ಟೋ ಸಲ ಅದು 'ಪಾಹಾ' ಆಗಿರುತ್ತದೆ. ಪಾಹಾ ಅಂದರೆ ಮುಖ್ಯವಾಗಿ ಒಣಹುಲ್ಲು. ಎಳನೀರಿಗೆ ಹಾಕೋ ಸ್ಟ್ರಾಗೆ ಹೆಚ್ಚಿನ ಕಡೆ ಬೇರೆ ಪದವೇ ಇದೆ. ಜೊತೆಗೆ ಹಲವು ದೇಶಗಳ ಆಡುಮಾತಿನಲ್ಲಿ ಅದಕ್ಕೆ ಅಸಭ್ಯ ಅರ್ಥವೂ ಇದೆ, ಹೋಟೆಲ್‌ನಲ್ಲಿ ಕೂತು ಕೇಳುವ ಮಾತಲ್ಲ.

ಮೊದಲ ಕೆಲಸ, ದೇಶ ಗೊತ್ತು ಮಾಡಿಕೊಳ್ಳುವುದು. ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ. ಸ್ಟ್ರಾಗೆ ಸ್ಪೇನಿನಲ್ಲಿ 'ಪಾಹಿತಾ', ಮೆಕ್ಸಿಕೊದಲ್ಲಿ 'ಪೊಪೊತೆ', ಕೊಲಂಬಿಯಾದಲ್ಲಿ 'ಪಿತಿಯೊ', ಪೆರುವಿನಲ್ಲಿ 'ಸೊರ್ಬೆತೆ' ಅಥವಾ 'ಕಾನ್ಯಿತಾ', ಚಿಲಿಯಲ್ಲಿ 'ಬೊಂಬಿಯಾ', ಡೊಮಿನಿಕನ್ ರಿಪಬ್ಲಿಕ್‌ನಲ್ಲಿ 'ಕಲಿಮೆತೆ'. ಇದರಲ್ಲಿ ನನಗೆ ತುಂಬಾ ಇಷ್ಟ ಪೊಪೊತೆ. ಮೆಕ್ಸಿಕೊದ ಮೂಲನಿವಾಸಿಗಳ ನಾವಾತ್ಲ್ ಭಾಷೆಯಿಂದ ಬಂದದ್ದು, ಪೊರಕೆ ಕಟ್ಟುವ ಕಡ್ಡಿಗೂ ಅದೇ ಹೆಸರು.

ಎರಡನೆಯದು, ನಿಘಂಟು. ಸ್ಪ್ಯಾನಿಷ್ ಭಾಷೆಯನ್ನು ನೋಡಿಕೊಳ್ಳುವ ಸ್ಪೇನಿನ ಸಂಸ್ಥೆ 'ರೆಯಾಲ್ ಅಕಾಡೆಮಿಯಾ'ದ ನಿಘಂಟು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅರ್ಥದ ಪಕ್ಕದಲ್ಲಿ ದೇಶದ ಹೆಸರು ಚುಟುಕಾಗಿ ಇರುತ್ತದೆ, ಅದನ್ನು ಬಿಡದೆ ನೋಡಿ. ದೇಶ ಹೇಳದ 'ದಿನಬಳಕೆಯ 1000 ಪದಗಳು' ಥರದ ಪುಸ್ತಕಕ್ಕೆ ಮಾತ್ರ ದುಡ್ಡು ಹಾಕಬೇಡಿ.

ಎಲ್ಲರೂ ಎಡವುವುದು ಮೂರನೆಯದರಲ್ಲಿ. ಸಿಕ್ಕ ಪದವನ್ನು ತಿರುಗಿಸಿ ನೋಡಬೇಕು: ನಾನು ಹೋಗುವ ಊರಲ್ಲಿ ಈ ಪದಕ್ಕೆ ಬೇರೆ ಏನಾದರೂ ಅರ್ಥ ಇದೆಯಾ? ಕೊಲಂಬಿಯಾದಲ್ಲಿ ಕಲಿತ ಪಿತಿಯೊವನ್ನು ಮ್ಯಾಡ್ರಿಡ್‌ನಲ್ಲಿ ಕೇಳಿದರೆ ಅವರಿಗೆ ಅರ್ಥವಾಗುವುದು ಸಿಗರೇಟು. ಬೊಂಬಿಯಾ ಕಥೆ ಇನ್ನೂ ಗೋಜಲು. ಚಿಲಿಯಲ್ಲಿ ಅದು ಸ್ಟ್ರಾ, ಸ್ಪೇನಿನಲ್ಲಿ ಲೈಟಿನ ಬಲ್ಬು, ಅರ್ಜೆಂಟೀನಾದಲ್ಲಿ 'ಮಾತೆ' ಅನ್ನುವ ಎಲೆಯ ಪಾನೀಯ ಕುಡಿಯುವ ಲೋಹದ ಕೊಳವೆ, ಅದರ ತುದಿಯಲ್ಲಿ ಎಲೆ ಬಾಯಿಗೆ ಬಾರದಂತೆ ಸಣ್ಣ ಜರಡಿ ಇರುತ್ತದೆ. ಹಾಗಾದರೆ ಚಿಲಿಯಲ್ಲಿ ಬಲ್ಬು ಬೇಕಾದರೆ? 'ಆಂಪೊಯೆತಾ' ಅನ್ನಬೇಕು. ಮೆಕ್ಸಿಕೊದಲ್ಲಿ 'ಫೋಕೊ'. ಒಂದು ಪದ ಜಾಗ ಬದಲಿಸಿದರೆ ಪಕ್ಕದ ಪದವೂ ಬದಲಾಗುತ್ತದೆ, ಅದಕ್ಕೇ ಎರಡನ್ನೂ ಒಟ್ಟಿಗೆ ಕಲಿಯಿರಿ. ಅನುಮಾನ ಬಂದರೆ ಪದದ ಜೊತೆ ದೇಶದ ಹೆಸರು ಹಾಕಿ ಫೋಟೊ ಹುಡುಕಿ. ಆ ದೇಶದ ಸೂಪರ್ ಮಾರ್ಕೆಟ್ ವೆಬ್‌ಸೈಟ್ ಸಿಕ್ಕರೆ ಇನ್ನೂ ಒಳ್ಳೆಯದು, ಪ್ಯಾಕೆಟ್ ಮೇಲೆ ಅಚ್ಚಾಗಿರುವ ಹೆಸರೇ ಕಾಣುತ್ತದೆ.

ಬರೆದುಕೊಳ್ಳುವಾಗ 'ಎಲ್ ಪೊಪೊತೆ', 'ಲಾ ಪಾಹಿತಾ' ಅಂತ ಲಿಂಗ ಸಮೇತ ಬರೆಯಿರಿ; 'ಎಲ್' ಪುಲ್ಲಿಂಗಕ್ಕೆ, 'ಲಾ' ಸ್ತ್ರೀಲಿಂಗಕ್ಕೆ.

ಎದುರಿಗಿರುವವರು ಯಾವ ದೇಶದವರು ಅಂತ ಗೊತ್ತೇ ಇಲ್ವಾ? ಸುಮ್ನೆ ಊಹೆ ಮಾಡಬೇಡಿ. ಕುಡಿಯುವ ಸಣ್ಣ ಕೊಳವೆ ಅನ್ನುವ ಅರ್ಥದಲ್ಲಿ 'ಉನ್ ತುಬಿತೊ ಪಾರಾ ಬೆಬೆರ್' ಅಂತ ಹೇಳಿ, ಲೋಟ ತೋರಿಸಿ. ಅವರೇ ತಮ್ಮ ಪದ ಹೇಳುತ್ತಾರೆ, ಅಲ್ಲೇ ಬರೆದುಕೊಳ್ಳಿ.