ನಡುವೆ ಒಣಗಿದ್ದ ಗೋಡೆಯೇ ನಮ್ಮ ಸಾಕ್ಷಿ

2022ರ ಸೆಪ್ಟೆಂಬರ್ 28ರಂದು ಇಯಾನ್ ಚಂಡಮಾರುತ ಫ್ಲೋರಿಡಾಕ್ಕೆ ಅಪ್ಪಳಿಸಿದಾಗ, ಕೇಪ್ ಕೋರಲ್‌ನ ನಮ್ಮ ಮನೆಗೆ ಎರಡು ಪೆಟ್ಟು ಬಿತ್ತು. ಗಾಳಿಗೆ ಚಾವಣಿಯ ಶಿಂಗಲ್ (ಹೆಂಚಿನಂಥ ಹೊದಿಕೆ) ಕಿತ್ತುಹೋಯಿತು. ಜೊತೆಗೆ ಹಿತ್ತಲ ಕಾಲುವೆ ಉಕ್ಕಿ ನೀರು ಒಳಗೆ ನುಗ್ಗಿತು.

ಇಲ್ಲಿ ಮನೆ ವಿಮೆಯಲ್ಲಿ ಪ್ರವಾಹ ಸೇರಿರುವುದಿಲ್ಲ. ಅದಕ್ಕೆ ಫೆಡರಲ್ ಸರ್ಕಾರದ ಯೋಜನೆಯಡಿ ಬೇರೆ ಪಾಲಿಸಿ, ಕಟ್ಟಡಕ್ಕೆ ಹೆಚ್ಚೆಂದರೆ 2,50,000 ಡಾಲರ್. ನಮ್ಮ ಹತ್ತಿರ ಎರಡೂ ಇದ್ದವು. ಮನೆ ವಿಮೆಯವರು ‘ಒಳಗಿನದೆಲ್ಲ ಪ್ರವಾಹದ ಹಾನಿ’ ಎಂದರು. ಪ್ರವಾಹ ವಿಮೆಯವರು ‘ಸೀಲಿಂಗ್ ಹಾಳಾಗಿದ್ದು ಮಳೆಗಾಳಿಯಿಂದ’ ಎಂದರು. ಚಂಡಮಾರುತದ ಡಿಡಕ್ಟಿಬಲ್ ಕೂಡ ಬೇರೆಯೇ. ನಮ್ಮದರಲ್ಲಿ ಅದು ವಿಮಾ ಮೊತ್ತದ 2%, ಅಂದರೆ ನಾಲ್ಕು ಲಕ್ಷ ಡಾಲರ್‌ಗೆ ಮೊದಲ ಎಂಟು ಸಾವಿರ ನಾವೇ ಹಾಕಬೇಕು. ಮನೆ ವಿಮೆ ಕಂಪನಿಯ ಅಡ್ಜಸ್ಟರ್, ಅಂದರೆ ಹಾನಿಯ ಅಂದಾಜು ಮಾಡುವವರು, ಬರೀ ಚಾವಣಿಯ ಲೆಕ್ಕ ಹಾಕಿದರು. ಅದು ಎಂಟು ಸಾವಿರಕ್ಕಿಂತ ಸ್ವಲ್ಪ ಕೆಳಗೇ ನಿಂತಿತು. ಕೈಗೆ ಬಂದಿದ್ದು ಸೊನ್ನೆ.

ಆಗ ವಕೀಲರ ಹತ್ತಿರ ಹೋದೆವು. ಅವರು ಮೊದಲು ಕೇಳಿದ್ದು ಪಾಲಿಸಿಯನ್ನಲ್ಲ, ಫೋಟೋಗಳನ್ನು. ಗೋಡೆ ಒಡೆಸುವ ಮೊದಲೇ ನನ್ನ ಹೆಂಡತಿ ಪ್ರತಿ ಕೋಣೆಯನ್ನೂ ನೆಲದಿಂದ ಸೀಲಿಂಗ್‌ವರೆಗೆ ಫೋಟೋ ತೆಗೆದಿದ್ದಳು. ಮೊಣಕಾಲೆತ್ತರಕ್ಕೆ ಕೆಸರಿನ ಗೆರೆ. ಅದರ ಮೇಲೆ ಎದೆಮಟ್ಟಕ್ಕೂ ಮೀರಿ ಒಣ ಗೋಡೆ, ಬಣ್ಣ ಕೂಡ ಉಬ್ಬಿಲ್ಲ. ಮತ್ತೆ ಸೀಲಿಂಗ್‌ನಲ್ಲಿ ಕಂದು ಕಲೆ. ಅಟ್ಟದ ಪ್ಲೈವುಡ್‌ನಲ್ಲಿ ಮೊಳೆಗಳ ಸುತ್ತ ಕಪ್ಪಾಗಿತ್ತು, ಶಾಖ ತಡೆಯುವ ಇನ್ಸುಲೇಷನ್ ನೆನೆದು ಮುದ್ದೆಯಾಗಿತ್ತು. ಕಾಲುವೆ ನೀರು ನಡುವಿನ ಗೋಡೆ ಬಿಟ್ಟು ಸೀಲಿಂಗ್‌ಗೆ ಹಾರಲ್ಲ, ಅಲ್ವಾ? ನಮ್ಮ ಕೇಸ್ ನಿಂತಿದ್ದೇ ಆ ಒಣ ಪಟ್ಟಿಯ ಮೇಲೆ. ನಾವು ಕರೆಸಿದ ಎಂಜಿನಿಯರ್ ವರದಿಯಲ್ಲೂ ಅದೇ ಬಂತು.

ಇಲ್ಲಿ ನೇರವಾಗಿ ಕೋರ್ಟಿಗೆ ಹೋಗುವಂತಿಲ್ಲ. ರಾಜ್ಯದ ಹಣಕಾಸು ಸೇವೆಗಳ ಇಲಾಖೆಯ ಮೂಲಕ ಮೊದಲು ನೋಟಿಸ್ ಕೊಡಬೇಕು, ಕನಿಷ್ಠ 10 ಕೆಲಸದ ದಿನ ಕಾಯಬೇಕು. ಉತ್ತರದಲ್ಲಿ ಹೊಸದೇನೂ ಇರಲಿಲ್ಲ, ಮನೆ ವಿಮೆ ಕಂಪನಿಯ ಮೇಲೆ ದಾವೆ ಹೂಡಿದೆವು. ಆಮೇಲಿನದು ಬಹಳಷ್ಟು ಕಾಯುವ ಕೆಲಸ. ಕೊನೆಗೆ ವಿಚಾರಣೆಗೆ ಮೊದಲೇ, ಮಧ್ಯಸ್ಥಿಕೆಯಲ್ಲಿ ಇತ್ಯರ್ಥವಾಯಿತು. ಚಾವಣಿ, ಸೀಲಿಂಗ್, ಅಟ್ಟದ ಖರ್ಚು ಮನೆ ವಿಮೆಯಿಂದ ಬಂತು. ಕೆಸರಿನ ಗೆರೆಯವರೆಗಿನದ್ದು ಪ್ರವಾಹ ಪಾಲಿಸಿಯಿಂದ.

ವಕೀಲರ ಫೀಸನ್ನೂ ಕಂಪನಿಯೇ ಕೊಟ್ಟಿತು. ನಮ್ಮದು ಹಳೇ ಪಾಲಿಸಿ, ಗ್ರಾಹಕ ಗೆದ್ದರೆ ಫೀಸು ಕಂಪನಿಯ ತಲೆಗೆ ಬರುತ್ತಿತ್ತು. 2022ರ ಡಿಸೆಂಬರ್‌ನಲ್ಲಿ ಬಂದ ಕಾನೂನು ಹೊಸ ಪಾಲಿಸಿಗಳಿಗೆ ಆ ಅನುಕೂಲ ತೆಗೆದುಹಾಕಿತು. ಕ್ಲೇಮ್ ತಿಳಿಸುವ ಅವಧಿಯೂ ಎರಡು ವರ್ಷದಿಂದ ಒಂದಕ್ಕೆ ಇಳಿಯಿತು. ಕೇಸ್‌ಗಳು ಜಾಸ್ತಿಯಾದವು ಎಂಬುದು ಅದಕ್ಕೆ ಕೊಟ್ಟ ಕಾರಣ. ನನಗೆ ಒಪ್ಪಿಗೆಯಿಲ್ಲ. ಈ ಕಾನೂನಿನಡಿ ನಮ್ಮಂಥ ಕ್ಲೇಮ್ ಇದ್ದಿದ್ದರೆ, ಸಿಕ್ಕ ದುಡ್ಡಿನಲ್ಲಿ ದೊಡ್ಡ ಪಾಲು ಫೀಸಿಗೇ ಹೋಗಿ ಚಾವಣಿ ಅರ್ಧಕ್ಕೇ ನಿಲ್ಲುತ್ತಿತ್ತು.